ಒಂದು ಹನಿಯಿಂದ ಒಂದು ವೀರ್ಯಾಣುವಿನವರೆಗೆ: ಬೆಕ್ಕಿನ ವೀರ್ಯ ಸಂರಕ್ಷಣೆಯ ಚರಿತ್ರೆ

ಸಾಕುಬೆಕ್ಕಿನ ಒಂದು ಸ್ಖಲನದಲ್ಲಿ ದೊರೆಯುವ ವೀರ್ಯ ಒಂದು ಹನಿಗಿಂತ ಹೆಚ್ಚಿರುವುದಿಲ್ಲ. ಕೃತಕ ಯೋನಿಯಲ್ಲಿ ಸಂಗ್ರಹಿಸಿದಾಗ ಅದರ ಪ್ರಮಾಣ ಸುಮಾರು 0.04 ಮಿಲಿಲೀಟರ್. ಅರಿವಳಿಕೆ ಕೊಟ್ಟು ವಿದ್ಯುತ್ ಪ್ರಚೋದನೆಯಿಂದ ಪಡೆದರೆ ಗ್ರಂಥಿಗಳ ದ್ರವವೂ ಸೇರಿಕೊಂಡು 0.2 ಮಿಲಿಲೀಟರಿನ ಆಸುಪಾಸಿಗೆ ಬರುತ್ತದೆ. ಹೋರಿಯಿಂದ ಒಮ್ಮೆಗೆ 5ರಿಂದ 8 ಮಿಲಿಲೀಟರ್ ಸಿಗುತ್ತದೆ; ಅದನ್ನು ತೆಳುಗೊಳಿಸಿ ನೂರಾರು ಹಸುಗಳಿಗೆ ಹಂಚಬಹುದು. ಬೆಕ್ಕಿನ ಹನಿಯಲ್ಲಿ ಇರುವುದು ಕೆಲವು ಕೋಟಿ ವೀರ್ಯಾಣುಗಳು ಮಾತ್ರ. ಘನೀಕರಿಸಿ, ಕರಗಿಸಿ, ಯೋನಿಯಲ್ಲಿ ಬಿಡುವ ಹಳೆಯ ವಿಧಾನದಲ್ಲಿ ಅಷ್ಟು ವೀರ್ಯ ಒಂದು ಹೆಣ್ಣಿಗೆ ಸಾಲುವುದೇ ಕಷ್ಟವಾಗಿತ್ತು.

ಬೆಕ್ಕಿನ ವೀರ್ಯವನ್ನು ಆರಿಸಿ ಕಾಪಿಡುವ ವಿದ್ಯೆ ಬೆಳೆದುಬಂದ ದಾರಿಯನ್ನು ಈ ಕೊರತೆಯೇ ನಿರ್ಧರಿಸಿತು. ಕಳೆದ ಐವತ್ತು ವರ್ಷಗಳಲ್ಲಿ ಹೊಸ ತಂತ್ರಗಳು ವೀರ್ಯಾಣುವನ್ನು ಅಂಡಾಣುವಿಗೆ ಇನ್ನಷ್ಟು ಹತ್ತಿರ ಒಯ್ದವು. ಹತ್ತಿರವಾದಷ್ಟೂ ಬೇಕಾಗುವ ವೀರ್ಯಾಣುಗಳ ಸಂಖ್ಯೆ ಇಳಿಯಿತು. ಯೋನಿಯಿಂದ ಗರ್ಭಕೋಶಕ್ಕೆ, ಗರ್ಭಕೋಶದಿಂದ ಅಂಡನಾಳಕ್ಕೆ, ಅಲ್ಲಿಂದ ಗಾಜಿನ ತಟ್ಟೆಗೆ, ಕೊನೆಗೆ ಅಂಡಾಣುವಿನ ಒಳಕ್ಕೇ ಸೂಜಿಯ ಮೂಲಕ ಒಂದೇ ವೀರ್ಯಾಣುವನ್ನು ಸೇರಿಸುವವರೆಗೆ ಈ ಪಯಣ ಸಾಗಿತು, ಹಂತಗಳು ಬಂದದ್ದು ಇದೇ ಕಾಲಕ್ರಮದಲ್ಲಿ ಅಲ್ಲದಿದ್ದರೂ. ಇದರ ಪ್ರಯೋಜನ ಮನೆಯ ಬೆಕ್ಕಿಗಿಂತ ಹೆಚ್ಚಾಗಿ ಅದರ ಕಾಡಿನ ಬಂಧುಗಳಿಗೆ, ಅಂದರೆ ಚೀತಾ, ಹುಲಿ, ಹಿಮಚಿರತೆ, ಮೋಡಚಿರತೆ, ಲಿಂಕ್ಸ್‌ಗಳಿಗೆ ಸಲ್ಲಬೇಕಾದದ್ದು. ಬೆಕ್ಕಿನ ಕುಟುಂಬದಲ್ಲಿ ಸುಮಾರು 40 ಪ್ರಭೇದಗಳಿವೆ. ಅವುಗಳಲ್ಲಿ ಹಲವು ಅಳಿವಿನ ಅಂಚಿಗೆ ಸರಿದಿವೆ.

ಹಿಮದಿಂದ ಗ್ಲಿಸರಾಲ್‌ವರೆಗೆ

ತಂಪಿನಲ್ಲಿ ವೀರ್ಯ ಸಾಯದೆ ಉಳಿಯಬಲ್ಲದು ಎಂಬ ಅರಿವು ಹಳೆಯದು. ಇಟಲಿಯ ಪಾದ್ರಿ ಹಾಗೂ ಪ್ರಕೃತಿ ವಿಜ್ಞಾನಿ ಲಾಜರೊ ಸ್ಪಲಾಂಜಾನಿ 1776ರಲ್ಲಿ, ಹಿಮದಲ್ಲಿ ತಣಿಸಿದ ವೀರ್ಯಾಣುಗಳು ಚಲನೆ ನಿಲ್ಲಿಸಿ, ಬೆಚ್ಚಗಾದಾಗ ಮತ್ತೆ ಚಲಿಸತೊಡಗುವುದನ್ನು ಗಮನಿಸಿದ. ಕೆಲವೇ ವರ್ಷಗಳಲ್ಲಿ ಆತ ಒಂದು ನಾಯಿಗೆ ಪಿಚಕಾರಿಯಿಂದ ವೀರ್ಯ ಸೇರಿಸಿದ. 62 ದಿನಗಳ ನಂತರ ಅದು ಮೂರು ಮರಿ ಹಾಕಿತು. ಸಸ್ತನಿಗಳ ಕೃತಕ ಗರ್ಭಧಾರಣೆಯ ದಾಖಲೆ ಅಲ್ಲಿಂದ ಆರಂಭವಾಗುತ್ತದೆ. 1866ರಲ್ಲಿ ಪಾವೊಲೊ ಮಾಂಟೆಗಾಜಾ ಎಂಬ ಇನ್ನೊಬ್ಬ ಇಟಾಲಿಯನ್ ವಿಜ್ಞಾನಿ ಮನುಷ್ಯನ ವೀರ್ಯವನ್ನು ಹೆಪ್ಪುಗಟ್ಟಿಸಿ ನೋಡಿದ. ಯುದ್ಧದಲ್ಲಿ ಮಡಿದ ಸೈನಿಕನಿಗೂ ಮುಂದೆ ಮಕ್ಕಳಾಗಬಹುದು ಎಂಬ ಕಲ್ಪನೆಯನ್ನು ಮುಂದಿಟ್ಟವನೂ ಆತನೇ.

ಕಲ್ಪನೆಗೂ ಕಾರ್ಯಕ್ಕೂ ನಡುವೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ತಂಪಿನ ಆಘಾತ. ದೇಹದ ಬಿಸಿಯಿಂದ 5 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆಲೇ ಇಳಿಸಿದರೆ ವೀರ್ಯಾಣುವಿನ ಪೊರೆಯ ಕೊಬ್ಬಿನಂಶ ಗಟ್ಟಿಯಾಗಿ ಪೊರೆ ಬಿರಿಯುತ್ತದೆ. ಎರಡನೆಯದು ಮಂಜಿನ ಹರಳು. ನೀರು ಹೆಪ್ಪುಗಟ್ಟುವಾಗ ಹರಳುಗಳು ಕೋಶವನ್ನು ಕೊರೆಯುವುದಲ್ಲದೆ, ಉಳಿದ ದ್ರವದಲ್ಲಿ ಲವಣ ಸಾಂದ್ರವಾಗಿ ಕೋಶದ ನೀರನ್ನು ಹೀರಿಬಿಡುತ್ತದೆ. ತಂಪಿನ ಆಘಾತಕ್ಕೆ ಪರಿಹಾರ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೊರೆಯಿತು: 1939-40ರಲ್ಲಿ ಫಿಲಿಪ್ಸ್ ಮತ್ತು ಲಾರ್ಡಿ ಕೋಳಿಮೊಟ್ಟೆಯ ಹಳದಿಯನ್ನು ವೀರ್ಯಕ್ಕೆ ಬೆರೆಸಿದರು. ಹಳದಿಯಲ್ಲಿರುವ ಲೆಸಿಥಿನ್ ಮತ್ತು ಕೊಬ್ಬಿನ ಪ್ರೋಟೀನುಗಳು ಪೊರೆಗೆ ಅಂಟಿಕೊಂಡು ಅದನ್ನು ಕಾಯುತ್ತವೆ. ಮಂಜಿನ ಹರಳಿಗೆ ಪರಿಹಾರ 1949ರಲ್ಲಿ ಲಂಡನ್ನಿನಿಂದ ಬಂತು. ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಅಲನ್ ಪಾರ್ಕ್ಸ್ ಸಕ್ಕರೆಯ ದ್ರಾವಣದಲ್ಲಿ ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಲು ಹೆಣಗುತ್ತಿದ್ದರು. ಒಂದು ಸಲ ಅನಿರೀಕ್ಷಿತವಾಗಿ ಒಳ್ಳೆಯ ಫಲ ಸಿಕ್ಕಿತು. ಬಾಟಲಿಯನ್ನು ಪರೀಕ್ಷಿಸಿದಾಗ, ಲೇಬಲ್ಲಿನಲ್ಲಿದ್ದ ಸಕ್ಕರೆಯ ಬದಲು ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿ ಅದರೊಳಗಿದ್ದದ್ದು ತಿಳಿಯಿತು. ಕೋಶದ ಒಳಹೊಕ್ಕು ನೀರಿನ ಜಾಗವನ್ನು ತುಂಬುವ ಗ್ಲಿಸರಾಲ್ ಅಂದಿನಿಂದ ಇಂದಿನವರೆಗೂ ವೀರ್ಯ ಘನೀಕರಣದ ಮುಖ್ಯ ರಕ್ಷಕವಾಗಿ ಉಳಿದಿದೆ.

ಈ ಜ್ಞಾನವನ್ನು ಮೊದಲು ಬಳಸಿಕೊಂಡದ್ದು ಹೈನುಗಾರಿಕೆ. ಭಾರತದಲ್ಲಿ ಅದರ ಆರಂಭ ಮೈಸೂರಿನಲ್ಲಾಯಿತು: 1939ರಲ್ಲಿ ಅರಮನೆಯ ಡೈರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿದರು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ನೆಲೆಗೊಂಡಿತು. ಜಪಾನಿನಲ್ಲಿ 1964ರಲ್ಲಿ ನಾಗಾಸೆ ಮತ್ತು ನಿವಾ ರೂಪಿಸಿದ, ಒಣಮಂಜಿನ ಮೇಲೆ ಹನಿ ಬೀಳಿಸಿ ಗುಳಿಗೆಯಂತೆ ಹೆಪ್ಪುಗಟ್ಟಿಸುವ ಕ್ರಮ, ಫ್ರಾನ್ಸಿನ ಕಾಸೂ ಬಳಕೆಗೆ ತಂದ ಪ್ಲಾಸ್ಟಿಕ್ ಸ್ಟ್ರಾ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಪಾತ್ರೆ, ಇವೆಲ್ಲವೂ ಹೋರಿಗಾಗಿ ಹುಟ್ಟಿದವು. ಬೆಕ್ಕಿನ ಮೇಲೆ ಕೆಲಸ ಮಾಡಿದವರಿಗೆ ಅವು ಸಿದ್ಧವಾಗಿ ದೊರೆತವು. ಆದರೆ ಹೋರಿಗೆ ಹೊಂದಿದ್ದು ಬೆಕ್ಕಿಗೆ ಹಾಗೆಯೇ ಹೊಂದಲಿಲ್ಲ.

ಪ್ರಯೋಗಾಲಯದ ಬೆಕ್ಕು

ಹೆಣ್ಣುಬೆಕ್ಕಿನ ದೇಹ ಒಂದು ಹೆಚ್ಚುವರಿ ಸಮಸ್ಯೆಯನ್ನು ಮುಂದಿಡುತ್ತದೆ. ಹಸುವಿನಲ್ಲಿ ಬೆದೆ ಬಂದರೆ ಅಂಡಾಣು ತಾನಾಗಿ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡಾಣು ಬಿಡುಗಡೆ. ಗಂಡಿನ ಶಿಶ್ನದ ಮೇಲಿರುವ ಸಣ್ಣ ಮುಳ್ಳುಗಳು ಯೋನಿಯ ನರಗಳನ್ನು ಕೆರಳಿಸುತ್ತವೆ. ಆ ಸಂದೇಶ ಮೆದುಳಿಗೆ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಉಕ್ಕಿ, ಒಂದು ದಿನ ಕಳೆದ ಮೇಲೆ ಅಂಡಾಣುಗಳು ಹೊರಬರುತ್ತವೆ. 1911ರಲ್ಲಿ ಲಾಂಗ್ಲಿ ಎಂಬ ಅಮೆರಿಕನ್ ಜೀವವಿಜ್ಞಾನಿ ಬೆಕ್ಕಿನ ಅಂಡಾಣು ಬಿಡುಗಡೆಯ ಈ ಕ್ರಮವನ್ನು ವಿವರವಾಗಿ ಅಧ್ಯಯನ ಮಾಡಿದ. 1934ರಲ್ಲಿ ಗ್ರೂಲಿಕ್ ಗಂಡಿಲ್ಲದೆಯೇ, ಕೃತಕ ಪ್ರಚೋದನೆಯಿಂದಲೇ ಅದನ್ನು ಸಾಧಿಸಿ ತೋರಿಸಿದ. ಗಂಡಿನ ಪಾಲಿನ ಕೆಲಸವನ್ನು ಮನುಷ್ಯ ಮಾಡಬಹುದೆಂದು ಇದರಿಂದ ಸ್ಪಷ್ಟವಾಯಿತು. ಮುಂದೆ ಇಂಥ ಪ್ರಚೋದನೆಯ ಜಾಗಕ್ಕೆ ಹಾರ್ಮೋನಿನ ಚುಚ್ಚುಮದ್ದು ಬಂತು: ಅಂಡಕೋಶಗಳನ್ನು ಬೆಳೆಸಲು ಬಸುರಿ ಕುದುರೆಯ ರಕ್ತದಿಂದ ಪಡೆದ ಇಸಿಜಿ, ಮೂರು ದಿನ ದಾಟಿದ ಮೇಲೆ ಅಂಡಾಣುಗಳನ್ನು ಬಿಡಿಸಲು ಎಚ್‌ಸಿಜಿ.

ಬೆಕ್ಕಿನ ಕೃತಕ ಗರ್ಭಧಾರಣೆಯ ನಿಜವಾದ ಆರಂಭ 1970. ಅಮೆರಿಕದ ಸೊಜ್ಕಾ, ಜೆನ್ನಿಂಗ್ಸ್ ಮತ್ತು ಹ್ಯಾಮ್ನರ್ ಆ ವರ್ಷ ತಮ್ಮ ವಿಧಾನವನ್ನು ಪ್ರಕಟಿಸಿದರು. ಅವರ ಉಪಕರಣ ಅತ್ಯಂತ ಸರಳ. ಹನಿ ಹಾಕುವ ಪಿಪೆಟ್ಟಿನ ರಬ್ಬರ್ ಬಲ್ಬಿನ ತುದಿ ಕತ್ತರಿಸಿ, ಅದಕ್ಕೆ ಪುಟ್ಟದೊಂದು ಗಾಜಿನ ಪ್ರನಾಳ ಸಿಕ್ಕಿಸಿ, ಆ ಜೋಡಣೆಯನ್ನು ಬಿಸಿನೀರು ತುಂಬಿದ ಅಂಗೈಯಗಲದ ಪಾಲಿಥಿನ್ ಬಾಟಲಿಯಲ್ಲಿ ಕೂರಿಸಿದರೆ ಕೃತಕ ಯೋನಿ ಸಿದ್ಧ. ಬೆದೆಯಲ್ಲಿರುವ ಹೆಣ್ಣನ್ನು ಮುಂದಿಟ್ಟಾಗ ಗಂಡು ಅದರ ಹೆಗ್ಗತ್ತನ್ನು ಕಚ್ಚಿ ಹಿಡಿದು ಮೇಲೇರುತ್ತದೆ. ಆ ಕ್ಷಣದಲ್ಲಿ ಉಪಕರಣವನ್ನು ಕೆಳಗಿನಿಂದ ಸರಿಯಾಗಿ ಹಿಡಿಯಬೇಕು. ಗಂಡುಬೆಕ್ಕುಗಳನ್ನು ಇದಕ್ಕೆ ಪಳಗಿಸಲು ತಾಳ್ಮೆ ಬೇಕು. ಎಲ್ಲ ಗಂಡುಗಳೂ ಪಳಗುವುದಿಲ್ಲ. ಅದೇ ತಂಡ ಅದೇ ವರ್ಷ ಇನ್ನೊಂದು ಮುಖ್ಯ ಸಂಗತಿಯನ್ನು ಸ್ಥಾಪಿಸಿತು: ಹೊರಬಂದ ಕೂಡಲೆ ಬೆಕ್ಕಿನ ವೀರ್ಯಾಣು ಅಂಡಾಣುವನ್ನು ಹೊಗಲಾರದು, ಹೆಣ್ಣಿನ ಜನನಾಂಗದಲ್ಲಿ ಕೆಲಕಾಲ ಇದ್ದು ಅದು ಸಮರ್ಥವಾಗಬೇಕು.

ಘನೀಕೃತ ವೀರ್ಯದಿಂದ ಮೊದಲ ಬೆಕ್ಕಿನ ಮರಿಗಳು ಹುಟ್ಟಿದ ವರದಿ 1978ರದು. ಅಮೆರಿಕದ ಟೆಕ್ಸಸ್‌ನಲ್ಲಿ ಪ್ಲಾಟ್ಜ್, ವೈಲ್ಡ್ಟ್ ಮತ್ತು ಸೀಗರ್ ಬೆಕ್ಕಿನ ವೀರ್ಯವನ್ನು ಒಣಮಂಜಿನ ಮೇಲೆ ಗುಳಿಗೆಗಳಾಗಿ ಹೆಪ್ಪುಗಟ್ಟಿಸಿ, ಕರಗಿಸಿ, ಯೋನಿಯಲ್ಲಿ ಬಿಟ್ಟರು. ಇದೇ ಸ್ಟೀಫನ್ ಸೀಗರ್ 1969ರಲ್ಲಿ ಘನೀಕೃತ ವೀರ್ಯದಿಂದ ನಾಯಿಮರಿಗಳನ್ನು ಪಡೆದಿದ್ದರು. ಬೆಕ್ಕಿನಲ್ಲಿ ಫಲ ಅಲ್ಪವಾಗಿತ್ತು: ಗರ್ಭ ನಿಂತದ್ದು ಸುಮಾರು ಹತ್ತರಲ್ಲಿ ಒಂದು ಹೆಣ್ಣಿಗೆ. ಪ್ರತಿ ಹೆಣ್ಣಿಗೂ 5ರಿಂದ 10 ಕೋಟಿ ವೀರ್ಯಾಣುಗಳು ಬೇಕಾದವು, ಅಂದರೆ ಒಂದು ಗಂಡಿನ ಒಂದು ಸಂಗ್ರಹವೆಲ್ಲ ಒಂದೇ ಹೆಣ್ಣಿಗೆ ಮುಗಿದುಹೋಗುತ್ತಿತ್ತು. ಬೆಕ್ಕಿನ ವೀರ್ಯ ಹೆಪ್ಪುಗಟ್ಟಿಯೂ ಬದುಕುತ್ತದೆ ಎಂಬುದು ಸಾಬೀತಾಯಿತು. ಬದುಕಿದ ವೀರ್ಯಾಣು ಅಂಡಾಣುವಿನವರೆಗೆ ತಲುಪುವುದು ಕಷ್ಟವೆಂಬುದೂ ಅಷ್ಟೇ ಸ್ಪಷ್ಟವಾಯಿತು.

ಚೀತಾ ತೋರಿಸಿದ ಸತ್ಯ

1980ರ ದಶಕದ ಆರಂಭದಲ್ಲಿ ಬೆಕ್ಕಿನ ವೀರ್ಯದ ಅಧ್ಯಯನ ಹೊಸ ತಿರುವು ಪಡೆಯಿತು. ವಾಷಿಂಗ್ಟನ್‌ನ ರಾಷ್ಟ್ರೀಯ ಪ್ರಾಣಿಸಂಗ್ರಹಾಲಯದ ಡೇವಿಡ್ ವೈಲ್ಡ್ಟ್ ಮತ್ತು ಮಿಚೆಲ್ ಬುಷ್ ಹಾಗೂ ತಳಿವಿಜ್ಞಾನಿ ಸ್ಟೀಫನ್ ಓಬ್ರಿಯನ್ ದಕ್ಷಿಣ ಆಫ್ರಿಕದ ಪ್ರಿಟೋರಿಯಾ ಬಳಿಯ ಚೀತಾ ಕೇಂದ್ರದಲ್ಲಿ ಚೀತಾಗಳ ವೀರ್ಯವನ್ನು ಪರೀಕ್ಷಿಸಿದರು. 1983ರಲ್ಲಿ ಪ್ರಕಟವಾದ ಅವರ ಎಣಿಕೆಯಂತೆ ಚೀತಾ ವೀರ್ಯಾಣುಗಳಲ್ಲಿ ಸುಮಾರು ಶೇಕಡ 71 ವಿಕಾರವಾಗಿದ್ದವು. ಹೋಲಿಕೆಗೆ ತೆಗೆದುಕೊಂಡ ಸಾಕುಬೆಕ್ಕಿನಲ್ಲಿ ಆ ಪ್ರಮಾಣ ಸುಮಾರು 29. ಸುರುಳಿ ಸುತ್ತಿದ ಬಾಲ, ಬಾಗಿದ ನಡುಭಾಗ, ಆಕಾರ ಕೆಟ್ಟ ತಲೆ, ತಲೆಯ ಮೇಲಿನ ಟೋಪಿಯಂಥ ಆಕ್ರೊಸೋಮ್ ಇಲ್ಲದಿರುವುದು, ಹೀಗೆ ದೋಷಗಳು ಹಲವು ಬಗೆ. ಅದೇ ವರ್ಷ ಅದೇ ಗುಂಪು ಚೀತಾಗಳಲ್ಲಿ ತಳಿ ವೈವಿಧ್ಯ ಅಸಾಧಾರಣವಾಗಿ ಕಡಿಮೆಯೆಂದೂ ಪ್ರಕಟಿಸಿತು. ಹತ್ತಿರದ ರಕ್ತಸಂಬಂಧದೊಳಗೇ ತಲೆಮಾರುಗಳು ಮುಂದುವರಿದದ್ದಕ್ಕೂ ವೀರ್ಯದ ದೋಷಕ್ಕೂ ನಂಟಿದೆಯೆಂಬ ಅನುಮಾನ ಗಟ್ಟಿಯಾಯಿತು.

ಆ ಅನುಮಾನಕ್ಕೆ ಪುರಾವೆ ಒದಗಿಸಿದ್ದು ಸಿಂಹಗಳು, ಅದರಲ್ಲೂ ಗುಜರಾತಿನ ಗಿರ್ ಸಿಂಹಗಳು. ವೈಲ್ಡ್ಟ್ ಮತ್ತು ಸಂಗಡಿಗರು 1987ರಲ್ಲಿ ಮೂರು ಸಿಂಹ ಸಮೂಹಗಳನ್ನು ಹೋಲಿಸಿದರು. ವಿಶಾಲವಾದ ಸೆರೆಂಗೆಟಿ ಬಯಲಿನ ಸಿಂಹಗಳಲ್ಲಿ ವಿಕಾರ ವೀರ್ಯಾಣುಗಳು ಸುಮಾರು ಶೇಕಡ 25. ಕೆಲವೇ ಸಿಂಹಗಳಿಂದ ಮತ್ತೆ ಬೆಳೆದುಬಂದ ಗೊರೊಂಗೊರೊ ಕುಳಿಯವುಗಳಲ್ಲಿ ಸುಮಾರು 50. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬೆರಳೆಣಿಕೆಗೆ ಇಳಿದು ಚೇತರಿಸಿಕೊಂಡ ಗಿರ್ ವಂಶದ ಸಿಂಹಗಳಲ್ಲಿ ಸುಮಾರು 66. ಸಮೂಹ ಚಿಕ್ಕದಾದಷ್ಟೂ ತಳಿ ವೈವಿಧ್ಯ ಕುಗ್ಗುತ್ತದೆ, ವೀರ್ಯದಲ್ಲಿ ದೋಷ ಹೆಚ್ಚುತ್ತದೆ ಎಂಬ ಮಾತಿಗೆ ಈ ಮೂರು ಅಂಕಿಗಳು ಇಂದಿಗೂ ಆಧಾರ. ಫ್ಲಾರಿಡಾದ ಪ್ಯಾಂಥರ್‌ಗಳಲ್ಲಿ ವಿಕಾರದ ಪ್ರಮಾಣ ಶೇಕಡ 90 ದಾಟಿತ್ತು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಅಲ್ಲಿ ಬಿಟ್ಟ ಮೇಲೆ ಆ ವಂಶ ಚೇತರಿಸಿಕೊಂಡಿತು.

ಪ್ಯೂಮಾಗಳನ್ನು ಬೋನಿನಲ್ಲಿ ಸಾಗಿಸಿ ಸಾಧಿಸಿದ್ದನ್ನೇ ವೀರ್ಯದ ಸ್ಟ್ರಾಗಳಿಂದಲೂ ಸಾಧಿಸಬಹುದಲ್ಲವೇ ಎಂಬುದು ಸಂರಕ್ಷಕರ ಯೋಚನೆ. ಕಾಡಿನ ಗಂಡನ್ನು ಸೆರೆಹಿಡಿಯದೆ ಅದರ ವೀರ್ಯವನ್ನಷ್ಟೇ ಪಡೆದು, ಸಾವಿರಾರು ಮೈಲಿ ದೂರದ ಪ್ರಾಣಿಸಂಗ್ರಹಾಲಯದ ಹೆಣ್ಣಿಗೆ ತಲುಪಿಸಿದರೆ ಹೊಸ ರಕ್ತ ಬೆರೆಯುತ್ತದೆ. ಪರಸ್ಪರ ಹೊಂದಿಕೊಳ್ಳದ ಜೋಡಿಗಳಿಗೂ ಇದು ದಾರಿ. ಮೋಡಚಿರತೆಯಲ್ಲಿ ಅಪರಿಚಿತ ಗಂಡನ್ನು ಜೊತೆಗೆ ಬಿಟ್ಟರೆ ಅದು ಹೆಣ್ಣನ್ನು ಕೊಂದುಹಾಕಿದ ಉದಾಹರಣೆಗಳಿವೆ. ಆದರೆ ಇಂಥ ಪ್ರಾಣಿಗಳ ವೀರ್ಯವೇ ದುರ್ಬಲ. ವಿಕಾರ ವೀರ್ಯಾಣುಗಳು ಹೆಚ್ಚಿರುವ ಗಂಡಿನಲ್ಲಿ ನೋಡಲು ಸರಿಯಾಗಿರುವ ವೀರ್ಯಾಣುಗಳೂ ತಂಪಿಗೆ, ಲವಣದ ಏರುಪೇರಿಗೆ ಬೇಗ ಸೋಲುತ್ತವೆ. ಸ್ಮಿತ್ಸೋನಿಯನ್ ಸಂಸ್ಥೆಯ ಬುಧನ್ ಪುಗಳೆಂದಿ ಮತ್ತು ಸಂಗಡಿಗರು ಸಾಕುಬೆಕ್ಕಿನಲ್ಲಿ ಇದನ್ನು ವಿವರವಾಗಿ ತೋರಿಸಿದರು. ಕೆಲವು ಸಾಕುಬೆಕ್ಕುಗಳ ವೀರ್ಯದಲ್ಲಿಯೂ ಶೇಕಡ 60ಕ್ಕಿಂತ ಹೆಚ್ಚು ವಿಕಾರ ಇರುತ್ತದೆ; ಚೀತಾದ ತೊಂದರೆಯನ್ನು ಚೀತಾಗೆ ನೋವು ಕೊಡದೆ ಅರಿಯಲು ಅಂಥ ಬೆಕ್ಕುಗಳೇ ಮಾದರಿಯಾದವು.

ಅಂಡಾಣುವಿನ ಹತ್ತಿರಕ್ಕೆ

ಇರುವ ಅಲ್ಪ ವೀರ್ಯಾಣುಗಳು ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ಮುಂದಿನ ಕೆಲಸವಾಯಿತು. ಹಸುವಿನಲ್ಲಿ ಗರ್ಭಕೋಶದ ಕೊರಳನ್ನು ಕೈಯಿಂದ ಹಿಡಿದು ನಳಿಕೆ ತೂರಿಸಬಹುದು. ಬೆಕ್ಕಿನ ದೇಹ ಅದಕ್ಕೆ ತೀರ ಚಿಕ್ಕದು. ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪಿನ ಮೂಲಕ ನೋಡುತ್ತ, ಸೂಜಿಯಿಂದ ನೇರ ಗರ್ಭಕೋಶದ ಕೊಂಬಿಗೆ ವೀರ್ಯ ಬಿಡುವ ಕ್ರಮ ಹೀಗೆ ರೂಪುಗೊಂಡಿತು. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಸ್ಮಿತ್ಸೋನಿಯನ್‌ನ ಜೊಗೇಲ್ ಹೋವರ್ಡ್. 1992ರಲ್ಲಿ ಅವರ ತಂಡ ಕಂಡುಕೊಂಡ ಒಂದು ಸಂಗತಿ ಮುಂದಿನ ಎಲ್ಲ ಯಶಸ್ಸಿಗೆ ಕೀಲಿಯಾಯಿತು: ಅಂಡಾಣು ಬಿಡುಗಡೆಗೆ ಮೊದಲೇ ಅರಿವಳಿಕೆ ಕೊಟ್ಟರೆ ಬಿಡುಗಡೆಯೇ ತಡೆಯಲ್ಪಡುತ್ತದೆ. ಬಿಡುಗಡೆಯ ನಂತರ ವೀರ್ಯ ಸೇರಿಸಿದ ಬೆಕ್ಕುಗಳಲ್ಲಿ ಅರ್ಧದಷ್ಟು ಗರ್ಭ ಕಟ್ಟಿದವು; ಮೊದಲೇ ಸೇರಿಸಿದವುಗಳಲ್ಲಿ ಏಳರಲ್ಲಿ ಒಂದಷ್ಟೆ. ಕೆಲವೇ ಗಂಟೆಗಳ ವ್ಯತ್ಯಾಸ ಎಷ್ಟು ನಿರ್ಣಾಯಕ ಎಂಬುದನ್ನು ಈ ಫಲಿತಾಂಶ ಎತ್ತಿ ತೋರಿಸಿತು. ಇದೇ ಕ್ರಮದಿಂದ 1990ರ ದಶಕದಲ್ಲಿ ಚೀತಾ, ಮೋಡಚಿರತೆ, ಹಿಮಚಿರತೆಗಳು ಮರಿ ಹಾಕಿದವು. ನಮೀಬಿಯಾದ ಕಾಡಿನ ಚೀತಾಗಳ ಘನೀಕೃತ ವೀರ್ಯ ಅಮೆರಿಕಕ್ಕೆ ಬಂದು ಅಲ್ಲಿನ ಹೆಣ್ಣುಗಳಲ್ಲಿ ಫಲಿಸಿತು.

ಪ್ರನಾಳದ ದಾರಿ ಇನ್ನೂ ಹತ್ತಿರದ್ದು. 1988ರಲ್ಲಿ ಗುಡ್ರೋ, ವೈಲ್ಡ್ಟ್ ಮತ್ತಿತರರು ಬೆಕ್ಕಿನ ಅಂಡಾಣುಗಳನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ವೀರ್ಯದೊಡನೆ ಕೂಡಿಸಿ, ಭ್ರೂಣಗಳನ್ನು ತಾಯಿಬೆಕ್ಕಿಗೆ ಸೇರಿಸಿ ಮೊದಲ ಪ್ರನಾಳ ಮರಿಗಳನ್ನು ಪಡೆದರು. 1989ರಲ್ಲಿ ಸಿನ್ಸಿನಾಟಿ ಪ್ರಾಣಿಸಂಗ್ರಹಾಲಯದಲ್ಲಿ ಅರ್ಲ್ ಪೋಪ್ ಮತ್ತು ಬೆಟ್ಸಿ ಡ್ರೆಸರ್ ಅವರ ತಂಡ ಭಾರತದ ಮರುಭೂಮಿ ಬೆಕ್ಕಿನ ಭ್ರೂಣವನ್ನು ಸಾಕುಬೆಕ್ಕಿನ ಗರ್ಭಕ್ಕೆ ಸೇರಿಸಿತು. ರಾಜಸ್ಥಾನ, ಕಛ್ ಸೀಮೆಯ ಕಾಡುಬೆಕ್ಕಿನ ಮರಿ ಅಮೆರಿಕದ ಮನೆಬೆಕ್ಕಿಗೆ ಹುಟ್ಟಿತು. 1990ರಲ್ಲಿ ನೆಬ್ರಾಸ್ಕದ ಒಮಾಹಾ ಪ್ರಾಣಿಸಂಗ್ರಹಾಲಯದಲ್ಲಿ ಮೂರು ಹುಲಿಮರಿಗಳು ಪ್ರನಾಳದ ದಾರಿಯಿಂದ ಜನಿಸಿದವು. 1998ರಲ್ಲಿ ಪೋಪ್ ಅವರ ತಂಡ ಒಂದೇ ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡಾಣುವಿನೊಳಗೆ ಚುಚ್ಚಿ ಬೆಕ್ಕಿನ ಮರಿ ಪಡೆದದ್ದನ್ನು ವರದಿ ಮಾಡಿತು. ಇಪ್ಪತ್ತು ವರ್ಷಗಳಲ್ಲಿ ಲೆಕ್ಕ ಹತ್ತು ಕೋಟಿಯಿಂದ ಒಂದಕ್ಕೆ ಇಳಿದಿತ್ತು.

ಆದರೂ ಅಂಡಾಣು ಹೊರತೆಗೆಯುವುದು, ಭ್ರೂಣ ಬೆಳೆಸುವುದು, ಮತ್ತೆ ಸೇರಿಸುವುದು ದುಬಾರಿ ಮತ್ತು ನಾಜೂಕಿನ ಕೆಲಸ. ಅದಕ್ಕಾಗಿ ಸಿನ್ಸಿನಾಟಿಯ ವಿಲಿಯಂ ಸ್ವಾನ್ಸನ್ ಮತ್ತು ಸಂಗಡಿಗರು ನಡುವಿನ ದಾರಿಯೊಂದನ್ನು ಬೆಳೆಸಿದರು. ಅಂಡಾಣುಗಳು ಕಾಯುತ್ತಿರುವ ಅಂಡನಾಳಕ್ಕೇ ಲ್ಯಾಪರೊಸ್ಕೋಪಿನ ನೆರವಿನಿಂದ ವೀರ್ಯ ಬಿಟ್ಟರೆ ಕೆಲವು ಲಕ್ಷಗಳಿಂದ ಕೆಲವೇ ದಶಲಕ್ಷ ವೀರ್ಯಾಣುಗಳು ಸಾಕು. ಗರ್ಭಕೋಶಕ್ಕಿಂತ ಇಲ್ಲಿ ಫಲ ಉತ್ತಮವೆಂದು 2013ರಲ್ಲಿ ಅವರು ಸಾಕುಬೆಕ್ಕುಗಳಲ್ಲಿ ತೋರಿಸಿದರು. ಈಚಿನ ವರ್ಷಗಳಲ್ಲಿ ಹಲವು ಕಾಡುಬೆಕ್ಕುಗಳಿಗೆ ಈ ಕ್ರಮವೇ ಮೊದಲ ಆಯ್ಕೆ.

ಆಯ್ದುಕೊಳ್ಳುವ ವಿಧಾನ

ಸಂಖ್ಯೆ ಇಳಿದಂತೆಲ್ಲ ಯಾವ ವೀರ್ಯಾಣು ಎಂಬ ಪ್ರಶ್ನೆ ದೊಡ್ಡದಾಯಿತು. ಪ್ರಕೃತಿಯಲ್ಲಿ ಈ ಆಯ್ಕೆಯನ್ನು ಹೆಣ್ಣಿನ ದೇಹ ಮಾಡುತ್ತದೆ: ಗರ್ಭಕೋಶದ ಕೊರಳು, ಅಂಡನಾಳದ ಇಕ್ಕಟ್ಟು, ಕೊನೆಗೆ ಅಂಡಾಣುವಿನ ಹೊರಪದರ ದೋಷಯುಕ್ತ ವೀರ್ಯಾಣುಗಳನ್ನು ಬಹುಮಟ್ಟಿಗೆ ತಡೆಯುತ್ತವೆ. ದಾರಿ ಮೊಟಕಾದಾಗ ಆ ಜವಾಬ್ದಾರಿ ಪ್ರಯೋಗಾಲಯಕ್ಕೆ ಬಂತು.

ಅಲ್ಲಿ ಬಳಕೆಯಲ್ಲಿರುವ ಸರಳ ಉಪಾಯ ಮೇಲೀಜು. ಪ್ರನಾಳದ ತಳದಲ್ಲಿ ವೀರ್ಯವನ್ನಿಟ್ಟು, ಮೇಲೆ ಪೋಷಕ ದ್ರವ ನಿಲ್ಲಿಸಿ ಬೆಚ್ಚಗಿಟ್ಟರೆ ಬಲವಾದ ವೀರ್ಯಾಣುಗಳು ಮೇಲಕ್ಕೆ ಈಜಿ ಬರುತ್ತವೆ. ಸತ್ತವು, ಬಾಲ ಸುತ್ತಿಕೊಂಡವು ಕೆಳಗೆ ಉಳಿಯುತ್ತವೆ. ಇನ್ನೊಂದು, ಬೇರೆ ಬೇರೆ ಸಾಂದ್ರತೆಯ ಪದರಗಳ ಮೇಲೆ ವೀರ್ಯ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುವುದು. ಬಲಿತ, ಗಟ್ಟಿಯಾದ ವೀರ್ಯಾಣುಗಳು ಅಡಿಗೆ ಇಳಿಯುತ್ತವೆ, ಉಳಿದವು ಪದರಗಳ ನಡುವೆ ಸಿಕ್ಕಿಬೀಳುತ್ತವೆ. ಎರಡರಲ್ಲೂ ಶುದ್ಧಿ ಹೆಚ್ಚುತ್ತದೆ, ಸಂಖ್ಯೆ ಕುಗ್ಗುತ್ತದೆ. ಹನಿಯಷ್ಟೇ ವೀರ್ಯ ಕೊಡುವ ಪ್ರಾಣಿಯಲ್ಲಿ ಈ ನಷ್ಟ ಸಣ್ಣದಲ್ಲ. ಆದ್ದರಿಂದ ಎಷ್ಟು ಆರಿಸಬೇಕು ಎನ್ನುವುದನ್ನು ವೀರ್ಯ ಎಲ್ಲಿಗೆ ಹೋಗಲಿದೆ ಎಂಬುದು ನಿರ್ಧರಿಸುತ್ತದೆ: ಗರ್ಭಕೋಶಕ್ಕಾದರೆ ಕಡಿಮೆ ಆಯ್ಕೆ, ಪ್ರನಾಳಕ್ಕಾದರೆ ಹೆಚ್ಚು. ಲಿಂಗ ಆಯ್ಕೆಯೂ ಸಾಧ್ಯವಾಗಿದೆ. ಬೆಕ್ಕಿನಲ್ಲಿ ಎಕ್ಸ್ ವರ್ಣತಂತು ಹೊತ್ತ ವೀರ್ಯಾಣುವಿನಲ್ಲಿ ವೈ ಹೊತ್ತದ್ದಕ್ಕಿಂತ ಡಿಎನ್‌ಎ ಸುಮಾರು ಶೇಕಡ 4ರಷ್ಟು ಹೆಚ್ಚು. ಹೊಳೆಯುವ ಬಣ್ಣ ಕಟ್ಟಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿದರೆ ಆ ವ್ಯತ್ಯಾಸ ಕಾಣುತ್ತದೆ. ಹೀಗೆ ಬೇರ್ಪಡಿಸಿದ ವೀರ್ಯದಿಂದ ನಿಗದಿತ ಲಿಂಗದ ಮರಿಗಳು ಹುಟ್ಟಿದ್ದನ್ನು ಪೋಪ್ ಅವರ ತಂಡ 2009ರಲ್ಲಿ ವರದಿ ಮಾಡಿತು.

ಸಂಗ್ರಹದ ಕ್ರಮವೂ ಬದಲಾಯಿತು. ಇಟಲಿಯ ಬೊಲೋನ್ಯಾದಲ್ಲಿ ಜಾಂಬೆಲ್ಲಿ ಮತ್ತು ಸಂಗಡಿಗರು 2008ರಲ್ಲಿ ವಿದ್ಯುತ್ ಪ್ರಚೋದನೆ ಬೇಡದ ದಾರಿಯನ್ನು ತೋರಿಸಿದರು. ಮೆಡೆಟೊಮಿಡಿನ್ ಎಂಬ ಮತ್ತಿನ ಔಷಧಿ ವೀರ್ಯವನ್ನು ಮೂತ್ರನಾಳಕ್ಕೆ ಇಳಿಸುತ್ತದೆ. ತೆಳು ನಳಿಕೆಯೊಂದನ್ನು ತೂರಿಸಿದರೆ ಅದು ತಾನಾಗಿ ಏರಿ ತುಂಬಿಕೊಳ್ಳುತ್ತದೆ. ಪ್ರಮಾಣ ಕಡಿಮೆ, ಸಾಂದ್ರತೆ ಬಹಳ. ಸಿಂಹ, ಚಿರತೆಗಳಲ್ಲಿಯೂ ಈ ವಿಧಾನ ಬಳಕೆಗೆ ಬಂದಿದೆ.

ಎಸೆಯುವ ವೃಷಣದಿಂದ ಸ್ಟ್ರಾವರೆಗೆ

ಬೆಕ್ಕಿನ ವೀರ್ಯದ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಪಶುವೈದ್ಯಶಾಲೆಗಳ ಸಂತಾನಹರಣ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದದ್ದು. ಸಾಕು ಮತ್ತು ಬೀದಿಬೆಕ್ಕುಗಳ ಸಂಖ್ಯೆ ತಡೆಯಲು ತೆಗೆದುಹಾಕುವ ವೃಷಣಗಳಲ್ಲಿ ಸಂಶೋಧಕರಿಗೆ ಬೇಕಾದ ಎಲ್ಲವೂ ಇರುತ್ತದೆ. ವೃಷಣಕ್ಕೆ ಅಂಟಿಕೊಂಡ ಸುರುಳಿನಾಳವಾದ ಎಪಿಡಿಡಿಮಿಸ್‌ನ ಬಾಲಭಾಗದಲ್ಲಿ ಬಲಿತ ವೀರ್ಯಾಣುಗಳು ಶೇಖರವಾಗಿರುತ್ತವೆ. ಸ್ವೀಡನ್, ಜಪಾನ್, ಥಾಯ್ಲೆಂಡ್, ಇಟಲಿ, ಜರ್ಮನಿಗಳ ಪಶುವೈದ್ಯ ವಿಜ್ಞಾನಿಗಳು 1990ರ ದಶಕದಿಂದ ಈ ಆಕರದ ಮೇಲೆ ಕೆಲಸ ಮಾಡಿದ್ದಾರೆ. ಜಪಾನಿನ ತ್ಸುತ್ಸುಯಿ ಅವರ ತಂಡ ಎಪಿಡಿಡಿಮಿಸ್‌ನ ಘನೀಕೃತ ವೀರ್ಯಾಣುಗಳನ್ನು ಗರ್ಭಕೋಶಕ್ಕೆ ಸೇರಿಸಿ ಗರ್ಭ ನಿಲ್ಲಿಸಿತು.

ಕ್ರಮ ಹೀಗೆ. ವೃಷಣಗಳನ್ನು ಲವಣದ್ರಾವಣದಲ್ಲಿ 4 ಡಿಗ್ರಿಯಲ್ಲಿ ಪ್ರಯೋಗಾಲಯಕ್ಕೆ ತರುತ್ತಾರೆ. ಬಾಲಭಾಗವನ್ನು ಬಿಡಿಸಿ, ರಕ್ತನಾಳಗಳನ್ನು ತೆಗೆದು, ಬೆಚ್ಚಗಿನ ಪೋಷಕ ದ್ರವದಲ್ಲಿ ಅಲಗಿನಿಂದ ಸಣ್ಣಗೆ ಕೊಚ್ಚಿದರೆ ಹತ್ತು ನಿಮಿಷಗಳಲ್ಲಿ ವೀರ್ಯಾಣುಗಳು ಹೊರಕ್ಕೆ ಈಜುತ್ತವೆ. ಸೋಸಿ, ತಿರುಗಿಸಿ, ತಳಕ್ಕಿಳಿದದ್ದನ್ನು ಟ್ರಿಸ್, ಸಿಟ್ರಿಕ್ ಆಮ್ಲ, ಸಕ್ಕರೆ, ಮೊಟ್ಟೆಯ ಹಳದಿ ಇರುವ ದ್ರವದಲ್ಲಿ ಕದಡುತ್ತಾರೆ. ಒಂದು ಗಂಟೆಗೂ ಮೀರಿದ ನಿಧಾನಗತಿಯಲ್ಲಿ ಅದನ್ನು 4-5 ಡಿಗ್ರಿಗೆ ತಣಿಸುತ್ತಾರೆ. ಇಲ್ಲಿ ಅವಸರ ಮಾಡಿದರೆ ಆಕ್ರೊಸೋಮ್ ಒಡೆದು ವೀರ್ಯಾಣು ಈಜುತ್ತಿದ್ದರೂ ನಿರುಪಯುಕ್ತವಾಗುತ್ತದೆ. ನಂತರ ಗ್ಲಿಸರಾಲ್ ಸೇರಿಸಿ, 0.25 ಮಿಲಿಲೀಟರಿನ ಸ್ಟ್ರಾಗಳಿಗೆ ತುಂಬಿ, ದ್ರವ ಸಾರಜನಕದ ಕೆಲವು ಸೆಂಟಿಮೀಟರ್ ಮೇಲೆ ಅದರ ಆವಿಯಲ್ಲಿ ಹಿಡಿದು, ಕೊನೆಗೆ ಸಾರಜನಕದಲ್ಲಿ ಮುಳುಗಿಸುತ್ತಾರೆ. ಕರಗಿಸುವಾಗ ಮಾತ್ರ ಅವಸರ ಬೇಕು: 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಸಾಕು. ರೋಗದ ಅಪಾಯ ತಪ್ಪಿಸಲು ಮೊಟ್ಟೆಯ ಹಳದಿಯ ಬದಲು ಸೋಯಾ ಲೆಸಿಥಿನ್ ಬಳಸುವ ದ್ರವವೂ ಬಂದಿದೆ. ಆಕಸ್ಮಿಕವಾಗಿ ಸತ್ತ ಹುಲಿ, ಚಿರತೆಗಳ ವೀರ್ಯಾಣುಗಳನ್ನು ಉಳಿಸಲು ಇದೇ ಕ್ರಮ ನೆರವಾಗುತ್ತದೆ.

ಕೋಠಿಗಳು, ಫಲ ಮತ್ತು ಮಿತಿ

ವೀರ್ಯದ ಕೋಠಿಗಳು ಇಂದು ಹಲವೆಡೆ ಇವೆ. ಸ್ಯಾನ್ ಡಿಯಾಗೊದಲ್ಲಿ ಕುರ್ಟ್ ಬೆನಿರ್ಷ್ಕೆ 1970ರ ದಶಕದಲ್ಲಿ ಆರಂಭಿಸಿದ ಘನೀಕೃತ ಸಂಗ್ರಹ, ಸ್ಮಿತ್ಸೋನಿಯನ್, ಸಿನ್ಸಿನಾಟಿ, ಬರ್ಲಿನ್ ಮತ್ತು ಮ್ಯಾಡ್ರಿಡ್‌ನ ಸಂಗ್ರಹಗಳು ಹೆಸರಾದವು. ಭಾರತದಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಭಾಗವಾದ, ಅಳಿವಿನಂಚಿನ ಪ್ರಭೇದಗಳ ಸಂರಕ್ಷಣೆಯ ಪ್ರಯೋಗಾಲಯವಾದ ಲ್ಯಾಕೋನ್ಸ್ ಈ ಕೆಲಸ ಮಾಡುತ್ತದೆ. ಲಾಲ್ಜಿ ಸಿಂಗ್ ಅದರ ಕನಸು ಕಂಡವರು. ಅಲ್ಲಿನ ಎಸ್. ಶಿವಾಜಿ ಮತ್ತು ಸಂಗಡಿಗರು ನೆಹರೂ ಪ್ರಾಣಿಸಂಗ್ರಹಾಲಯದ ಸಿಂಹ, ಹುಲಿ, ಚಿರತೆಗಳ ವೀರ್ಯದ ಗುಣಗಳನ್ನು ದಾಖಲಿಸಿದರು.

ಮರಿಗಳ ರೂಪದಲ್ಲಿ ಫಲ ಬಂದಿದೆ, ಆದರೆ ವಿರಳವಾಗಿ. 2017ರಲ್ಲಿ ಡೆನ್ವರ್‌ನ ಗಂಡು ಮೋಡಚಿರತೆಯ ಘನೀಕೃತ ವೀರ್ಯದಿಂದ ನ್ಯಾಶ್‌ವಿಲ್ ಪ್ರಾಣಿಸಂಗ್ರಹಾಲಯದಲ್ಲಿ ಮರಿಯೊಂದು ಹುಟ್ಟಿತು. 2018ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪ್ರಿಟೋರಿಯಾ ವಿಶ್ವವಿದ್ಯಾಲಯದ ತಂಡ ಕೃತಕ ಗರ್ಭಧಾರಣೆಯಿಂದ ಎರಡು ಸಿಂಹದ ಮರಿಗಳನ್ನು ಪಡೆಯಿತು. 2020ರ ಫೆಬ್ರುವರಿಯಲ್ಲಿ ಓಹಾಯೊದ ಕೊಲಂಬಸ್ ಪ್ರಾಣಿಸಂಗ್ರಹಾಲಯದಲ್ಲಿ, ಘನೀಕೃತ ವೀರ್ಯ ಬಳಸಿದ ಪ್ರನಾಳ ಭ್ರೂಣಗಳಿಂದ ಬಾಡಿಗೆ ತಾಯಿಯಲ್ಲಿ ಎರಡು ಚೀತಾ ಮರಿಗಳು ಜನಿಸಿದವು. ಬ್ರೆಜಿಲ್‌ನ ವಿಜ್ಞಾನಿಗಳು 2012ರಲ್ಲಿ ಆಸಿಲಾಟ್ ಎಂಬ ಕಾಡುಬೆಕ್ಕಿನ ವೀರ್ಯಮೂಲ ಕೋಶಗಳನ್ನು ಸಾಕುಬೆಕ್ಕಿನ ವೃಷಣಕ್ಕೆ ಕಸಿ ಮಾಡಿ ಅಲ್ಲಿ ಆಸಿಲಾಟ್ ವೀರ್ಯಾಣುಗಳು ಬೆಳೆಯುವುದನ್ನು ಕಂಡರು. ಒಣಗಿಸಿದ ವೀರ್ಯಾಣುಗಳನ್ನು ಅಂಡಾಣುವಿಗೆ ಚುಚ್ಚಿ ಬೆಕ್ಕಿನ ಭ್ರೂಣ ಬೆಳೆಸಿದ್ದನ್ನು ಬರ್ಲಿನ್ನಿನ ತಂಡ 2011ರಲ್ಲಿ ವರದಿ ಮಾಡಿತು. ಈ ದಾರಿ ಕೈಗೂಡಿದರೆ ದ್ರವ ಸಾರಜನಕ ಸುಲಭವಾಗಿ ಸಿಗದ ದೇಶಗಳಿಗೂ ಕೋಠಿ ಇಟ್ಟುಕೊಳ್ಳುವುದು ಸಾಧ್ಯವಾಗುತ್ತದೆ.

ಈ ಚರಿತ್ರೆ ಒಂದು ಮಿತಿಯನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಸ್ಪೇನ್ ಮತ್ತು ಪೋರ್ಚುಗಲ್‌ನ ಐಬೀರಿಯನ್ ಲಿಂಕ್ಸ್ 2002ರ ಸುಮಾರಿಗೆ ನೂರಕ್ಕೂ ಕಡಿಮೆ ವಯಸ್ಕ ಪ್ರಾಣಿಗಳಿಗೆ ಇಳಿದಿತ್ತು. ಅದರ ವೀರ್ಯವನ್ನು ಜೋಪಾನವಾಗಿ ಕಾದಿಡಲಾಯಿತು. ಆದರೆ 2024ರಲ್ಲಿ ಅಂತಾರಾಷ್ಟ್ರೀಯ ಸಂರಕ್ಷಣಾ ಒಕ್ಕೂಟವು ಅದನ್ನು ಅಪಾಯದ ಮೇಲಿನ ಶ್ರೇಣಿಯಿಂದ ಕೆಳಗಿಳಿಸಿದಾಗ, ಆ ಚೇತರಿಕೆಗೆ ಕಾರಣವಾಗಿದ್ದವು ಮೊಲಗಳ ಹೆಚ್ಚಳ, ಆವಾಸದ ರಕ್ಷಣೆ, ಸೆರೆಯಲ್ಲಿ ಸಹಜವಾಗಿ ಹುಟ್ಟಿದ ಮರಿಗಳನ್ನು ಕಾಡಿಗೆ ಬಿಟ್ಟ ಶ್ರಮ. ಕಾಡು, ಬೇಟೆ, ಓಡಾಡುವ ದಾರಿ ಉಳಿದರೆ ಮಾತ್ರ ಪ್ರಾಣಿ ಉಳಿಯುತ್ತದೆ. ವೀರ್ಯದ ಕೋಠಿ ಕಾಯುವುದು ಅದರ ಜೊತೆಗೆ ಬೇಕಾದ ಇನ್ನೊಂದನ್ನು: ಸಮೂಹ ಕುಗ್ಗಿದ ಕಾಲದಲ್ಲಿ ಕಳೆದುಹೋಗುವ ತಳಿ ವೈವಿಧ್ಯವನ್ನು. ಸತ್ತ ಗಂಡಿನ ವಂಶವಾಹಿಗಳು ದಶಕಗಳ ನಂತರವೂ ಜೀವಂತ ಸಮೂಹಕ್ಕೆ ಮರಳಬಹುದಾದ ಏಕೈಕ ಪ್ರಾಯೋಗಿಕ ದಾರಿ ಹೀಗೆ ಕಾಪಿಟ್ಟ ಜೀವಕೋಶಗಳೇ. ಹಾಗಾಗಿ ಈ ಸಂಗ್ರಹ ಪ್ರಾಣಿಗಳು ಇನ್ನೂ ಸಾಕಷ್ಟಿರುವಾಗಲೇ, ವೀರ್ಯ ಇನ್ನೂ ಬಲವಾಗಿರುವಾಗಲೇ ನಡೆಯಬೇಕು. ಚೀತಾ, ಗಿರ್ ಸಿಂಹ, ಫ್ಲಾರಿಡಾ ಪ್ಯಾಂಥರ್‌ಗಳ ಅಂಕಿಗಳು ಕಲಿಸಿದ ಪಾಠ ಇದೇ.